ಪದ ಬೇಕು (ತುರ್ತು): ‘ಪ್ರಿವೆ’, ‘ಫ್ಲಿಕ್’, ‘ಪೋ’ – ದೆಲೋಂ ಚಿತ್ರದ ಸಬ್‌ಟೈಟಲಿಗೆ

ಇಂದ: ಅಡಿಬರಹ

ಎಲ್ಲರಿಗೂ ನಮಸ್ಕಾರ. ‘ಪೂರ್ ಲಾ ಪೋ ದಂ ಫ್ಲಿಕ್’ ಎಂಬ 1981ರ ಫ್ರೆಂಚ್ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಕೂರಿಸುತ್ತಿದ್ದೇನೆ. ಅಲೆಂ ದೆಲೋಂ ಅದರ ನಾಯಕ, ನಿರ್ಮಾಪಕ, ನಿರ್ದೇಶಕ. ನಿರ್ದೇಶನಕ್ಕೆ ಅವರು ಕೈಹಾಕಿದ್ದು ಇದರಲ್ಲೇ ಮೊದಲು. ಮೂಲ, ಝಾಂ-ಪಾತ್ರಿಕ್ ಮಾಂಷೆತ್ ಬರೆದ 1976ರ ಕಾದಂಬರಿ ‘ಕ ದೋ!’. ಶೂಕಾ ಎಂಬ ಮಾಜಿ ಪೊಲೀಸ್ ಪ್ಯಾರಿಸ್ಸಿನಲ್ಲಿ ಪ್ರೈವೇಟ್ ಡಿಟೆಕ್ಟಿವ್. ಕಾಣೆಯಾದ ಕುರುಡು ಮಗಳನ್ನು ಹುಡುಕಿಕೊಡಿ ಎಂದು ಒಬ್ಬ ತಾಯಿ ಬರುತ್ತಾಳೆ, ಅವಳೇ ಕೊಲೆಯಾಗುತ್ತಾಳೆ, ಅಲ್ಲಿಂದಾಚೆ ಪೊಲೀಸರೂ ರೌಡಿಗಳೂ ಇವನ ಬೆನ್ನು ಬೀಳುತ್ತಾರೆ.

ಸಿಕ್ಕಿಹಾಕಿಕೊಂಡಿರುವುದು ನಾಲ್ಕು ಕಡೆ. ‘ದೆತೆಕ್ತೀವ್ ಪ್ರಿವೆ’ಯನ್ನು ಆಡುಮಾತಿನಲ್ಲಿ ಬರೀ ‘ಪ್ರಿವೆ’ ಎಂದು ಮೊಟಕು ಮಾಡುತ್ತಾರೆ, ಅಷ್ಟೇ ಮೊಟಕಾದ ಕನ್ನಡ ಪದ ಬೇಕು. ‘ಫ್ಲಿಕ್’ ಎಂದರೆ ಪೊಲೀಸು, ಆದರೆ ಬೀದಿಮಾತು; ‘ಪೊಲೀಸ್’ ಎಂದಷ್ಟೇ ಬರೆದರೆ ಖಾರ ಹೋಗುತ್ತದೆ. ‘ಕೊಮಿಸೇರ್’ ಅನ್ನು ಕಮಿಷನರ್ ಎನ್ನಬಹುದೇ? ಕೊನೆಗೆ ಶೀರ್ಷಿಕೆ: ಪದಕ್ಕೆ ಪದ ಇಟ್ಟರೆ ‘ಒಬ್ಬ ಪೊಲೀಸಿನವನ ಚರ್ಮಕ್ಕಾಗಿ’ ಎಂದಾಗುತ್ತದೆ, ಓದಿದವರು ನಗುತ್ತಾರೆ. ಪೋಸ್ಟರ್ ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

---

ಇಂದ: ನಿಘಂಟುಪ್ರಿಯ

ಪತ್ತೇದಾರ. ಇದರಲ್ಲಿ ಚರ್ಚೆಗೇನಿದೆ?

‘ತೇ’ ದೀರ್ಘ. ‘ಪತ್ತೆದಾರ’ ಎಂದು ಬರೆಯಬೇಡಿ. ‘ಪತ್ತೇದಾರಿ ಶೂಕಾ’ ಎಂದಂತೂ ಬರೆಯಲೇಬೇಡಿ. ಜಮೀನುದಾರ ಆಳು, ಜಮೀನುದಾರಿ ಅವನ ವ್ಯವಹಾರ. ಹಾಗೆಯೇ ಪತ್ತೇದಾರ ಆಳು, ಪತ್ತೇದಾರಿ ಅವನ ಕೆಲಸ ಅಥವಾ ವಿಶೇಷಣ: ಪತ್ತೇದಾರಿ ಕಾದಂಬರಿ, ಪತ್ತೇದಾರಿ ಕೆಲಸ. ಟಿವಿಯವರು ಈ ಎರಡನ್ನೂ ಕಲಸಿ ವರ್ಷಗಳಾದವು.

‘ಖಾಸಗಿ’ ಸೇರಿಸುವ ಅಗತ್ಯವೂ ಇಲ್ಲ. ಎನ್. ನರಸಿಂಹಯ್ಯನವರಿಂದ ಟಿ.ಕೆ. ರಾಮರಾಯರವರೆಗೆ ಓದಿದವರಿಗೆ ಪತ್ತೇದಾರ ಎಂದ ಕೂಡಲೇ ಸರ್ಕಾರದ ಸಂಬಳ ತಿನ್ನದವನೇ ಕಣ್ಣಿಗೆ ಬರುತ್ತಾನೆ. ಸಂಬಳ ತಿನ್ನುವವನು ಇನ್ಸ್‌ಪೆಕ್ಟರ್. ಮೊದಲ ಸಲ ಬಂದಾಗ ಬೇಕಿದ್ದರೆ ‘ಖಾಸಗಿ ಪತ್ತೇದಾರ’ ಎನ್ನಿ, ಆಮೇಲೆ ಖಾಸಗಿಯನ್ನು ಕಿತ್ತುಹಾಕಿ. ಫ್ರೆಂಚರು ‘ದೆತೆಕ್ತೀವ್’ ಬಿಟ್ಟು ‘ಪ್ರಿವೆ’ ಉಳಿಸಿಕೊಂಡರು, ನಾವು ‘ಖಾಸಗಿ’ ಬಿಟ್ಟು ಪತ್ತೇದಾರನನ್ನು ಉಳಿಸಿಕೊಳ್ಳೋಣ.

---

ಇಂದ: ಬೇರುನುಡಿ

> ಪತ್ತೇದಾರ. ಇದರಲ್ಲಿ ಚರ್ಚೆಗೇನಿದೆ?

ತುಂಬಾ ಇದೆ. ‘ಪತ್ತೆ’ ಬಡಗಣ (ಉತ್ತರದ) ನುಡಿಗಳಿಂದ ಬಂದದ್ದು, ‘ದಾರ’ ಪಾರಸಿ ಒಟ್ಟು (ಪ್ರತ್ಯಯ), ‘ಕಾಸಗಿ’ ಕೂಡ ಪಾರಸಿಯಿಂದ ಮರಾಟಿ ದಾರಿಯಲ್ಲಿ ಬಂದದ್ದು. ಎರಡೂ ಪದಗಳಲ್ಲಿ ಒಂದು ಚೂರೂ ಕನ್ನಡವಿಲ್ಲ. ನಮ್ಮಲ್ಲಿ ‘ಬೇಹು’ ಎಂಬ ಚೆಂದದ ಬೇರುಪದ ಇದೆ. ತಮಿಳಿನ ‘ವೇವು’ ಇದರ ಒಡಹುಟ್ಟು. ಅಲ್ಲಿನ ಮೊದಲ ವಕಾರ ನಮ್ಮಲ್ಲಿ ಬಕಾರ ಆಗಿದೆ. ಅದರಿಂದ ‘ಬೇಹುಗಾರ’. ಈ ಓಡುತಿಟ್ಟಕ್ಕೆ (ಸಿನಿಮಾಕ್ಕೆ) ಅದೇ ಸಾಕು. ಹಳಬರ ಕಾದಂಬರಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಎರವಲನ್ನು ಹೊತ್ತು ತಿರುಗಬೇಕಿಲ್ಲ.

---

ಇಂದ: ನಿಘಂಟುಪ್ರಿಯ

ಬೇಹುಗಾರ ಎಂದರೆ ರಾಜನ ಕಡೆಯವನು. ‘ಬೇಹುಗಾರಿಕೆ ಆರೋಪ: ಇಬ್ಬರ ಬಂಧನ’ ಎಂದು ಪತ್ರಿಕೆಯಲ್ಲಿ ಬಂದರೆ ಯಾರು ಸಿಕ್ಕಿಬಿದ್ದರೆಂದು ತಿಳಿಯುತ್ತೀರಿ? ಪರದೇಶಕ್ಕೆ ಗುಟ್ಟು ಮಾರಿದವರು. ಕಾಣೆಯಾದ ಮಗಳನ್ನು ಹುಡುಕುವವನಿಗೆ ಈ ಪದ ಹೊದಿಸಿದರೆ ಹತ್ತನೇ ನಿಮಿಷದಲ್ಲಿ ಪ್ರೇಕ್ಷಕರು ಇವನು ಯಾವ ದೇಶದ ಗೂಢಚಾರ ಎಂದು ಕೇಳುತ್ತಾರೆ.

ಇನ್ನು ‘ಒಂದು ಚೂರೂ ಕನ್ನಡವಿಲ್ಲ’ ಎಂಬ ಮಾತು. ನಿಮ್ಮ ಬೇಹುಗಾರನ ‘ಗಾರ’ ಎಲ್ಲಿಯದು? ಸಂಸ್ಕೃತದ ‘ಕಾರ’ವೇ ಮೆತ್ತಗಾಗಿ ಕೂತಿರುವುದು. ಮಡಿ ಉಳಿಸಲೇಬೇಕೆಂದಿದ್ದರೆ ಗಾಣಿಗ, ಒಕ್ಕಲಿಗದ ‘ಇಗ’ ಹಚ್ಚಿ ‘ಬೇಹಿಗ’ ಎಂದು ಬರೆಯಿರಿ. ಯಾರಿಗೂ ಅರ್ಥವಾಗುವುದಿಲ್ಲ, ಶುದ್ಧವಂತೂ ಆಗಿರುತ್ತದೆ.

ಮಹಾಪ್ರಾಣ ಬಿಟ್ಟು ಬರೆಯುವ ನಿಮ್ಮ ಕಾಗುಣಿತದಲ್ಲಿ ಖಾಸಗಿ ‘ಕಾಸಗಿ’ ಆಗಿದೆ. ಕಾಸಿಗೆ ಪತ್ತೆ ಮಾಡುವವನು ಎಂಬ ಅರ್ಥದಲ್ಲಾದರೆ ಒಪ್ಪಬಹುದು.

---

ಇಂದ: ಸೇನ್ ದಂಡೆ

ಜಗಳದ ನಡುವೆ ಫ್ರಾನ್ಸಿನ ಕಡೆಯ ಒಂದಷ್ಟು ವಿವರ.

ಫ್ರೆಂಚ್ ಕಾನೂನು ‘ದೆತೆಕ್ತೀವ್’ ಪದದ ಮೇಲೆ ನಿಂತಿಲ್ಲ. ಈ ಕಸುಬನ್ನು ಕಟ್ಟುಪಾಡಿಗೆ ತಂದ 1942ರ ಕಾನೂನು ಹೇಳುವುದು ‘ಆಝಾಂಸ್ ಪ್ರಿವೆ ದ ರಶೆರ್ಶ್’, ಅಂದರೆ ಶೋಧನೆಯ ಖಾಸಗಿ ಸಂಸ್ಥೆ. 2003ರಲ್ಲಿ ಹೊಸ ನಿಯಮ ಬಂದಾಗ ವಿಶೇಷಣ ಜಾಗ ಬದಲಿಸಿ ‘ಖಾಸಗಿ ಶೋಧನೆಯ ಸಂಸ್ಥೆ’ ಆಯಿತು. ದೆತೆಕ್ತೀವ್ ಎಂಬುದು ಅವರು ಇಂಗ್ಲಿಷಿನಿಂದ ತಂದದ್ದು. 1928ರಲ್ಲಿ ಅದೇ ಹೆಸರಿನ ವಾರಪತ್ರಿಕೆಯನ್ನು ಗಾಲಿಮಾರ್ ಪ್ರಕಾಶನ ಹೊರಡಿಸಿತು. ಚಿತ್ರದಲ್ಲಿ ಕಚೇರಿ ಬಾಗಿಲ ಫಲಕವೋ ವಿಸಿಟಿಂಗ್ ಕಾರ್ಡೋ ಕಂಡರೆ ‘ಖಾಸಗಿ ಶೋಧನೆ’ ಎಂದು ಬರೆಯಿರಿ, ಬಾಯಿಮಾತಿನಲ್ಲಿ ಬಂದರೆ ಪತ್ತೇದಾರ.

ಕಮಿಷನರ್ ಬೇಡವೇ ಬೇಡ. ನಮ್ಮಲ್ಲಿ ಪೊಲೀಸ್ ಕಮಿಷನರ್ ಎಂದರೆ ಇಡೀ ನಗರದ ಪೊಲೀಸರ ಯಜಮಾನ, ಐಪಿಎಸ್. ಪ್ಯಾರಿಸ್ಸಿನಲ್ಲಿ ಕೊಮಿಸೇರ್‌ಗಳು ಬಹಳ ಮಂದಿ. ಒಬ್ಬೊಬ್ಬರು ಒಂದೊಂದು ಠಾಣೆಯನ್ನೋ ತನಿಖಾ ದಳವನ್ನೋ ನಡೆಸುತ್ತಾರೆ. ನಗರ ಕಮಿಷನರ್ ಖುದ್ದಾಗಿ ಬಂದು ಪತ್ತೇದಾರನ ಎದುರು ಕೂತು ಸಿಗರೇಟು ಹಚ್ಚುವುದನ್ನು ಕನ್ನಡದ ಪ್ರೇಕ್ಷಕ ನಂಬುವುದಿಲ್ಲ. ‘ಕೊಮಿಸೇರ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ಠಾಣಾಧಿಕಾರಿ’ ಎಂದೋ ‘ತನಿಖಾಧಿಕಾರಿ’ ಎಂದೋ ಸನ್ನಿವೇಶ ನೋಡಿ ಜೋಡಿಸಿ. ‘ಅಂಸ್ಪೆಕ್ತರ್’ ಅನ್ನು ಇನ್ಸ್‌ಪೆಕ್ಟರ್ ಎನ್ನಬಹುದು. ಆ ಹುದ್ದೆಯ ಹೆಸರು 1995ರ ಸುಧಾರಣೆಯಲ್ಲಿ ಹೋಗಿ ಲ್ಯೂತ್ನಾಂ, ಕಾಪಿತೇನ್ ಬಂದವು. 1981ರ ಚಿತ್ರಕ್ಕೆ ಹಳೆಯದೇ ಸರಿ.

ಫ್ಲಿಕ್ ಹತ್ತೊಂಬತ್ತನೆಯ ಶತಮಾನದ ಕಳ್ಳರ ಮಾತಿನಿಂದ ಬಂದದ್ದು. ಅದನ್ನು ಯಾವುದೋ ಉದ್ದ ಹೆಸರಿನ ಮೊದಲಕ್ಷರಗಳೆಂದು ಬಿಡಿಸುವುದು ಬರೀ ತಮಾಷೆ, ಅದನ್ನು ಇಲ್ಲಿಗೆ ತರಬೇಡಿ. ಕನ್ನಡಕ್ಕೆ ‘ಖಾಕಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಪ್ಯಾರಿಸ್ ಪೊಲೀಸರ ಸಮವಸ್ತ್ರ ಕಡುನೀಲಿ. ತೆರೆಯ ಮೇಲೆ ನೀಲಿ, ಕೆಳಗೆ ಖಾಕಿ ಎಂದರೆ ಅಭಾಸ.

ಹೆಸರಿನದೂ ಒಂದು ಮಾತು. ಶೂಕಾ ಎಂದು ದೀರ್ಘ ಹಾಕಿದ್ದು ಒಳ್ಳೆಯದಾಯಿತು. ಉಚ್ಚಾರ ಹ್ರಸ್ವಕ್ಕೇ ಹತ್ತಿರ, ಕೊನೆಯ ಸಕಾರ ಮೌನ. ಆದರೆ ‘ಶುಕ’ ಎಂದರೆ ಗಿಳಿಯಾಗುತ್ತದೆ. ಫ್ರೆಂಚಿನಲ್ಲಿ ಆ ಪದ ಕಾಗೆ ಜಾತಿಯ ಒಂದು ಸಣ್ಣ ಹಕ್ಕಿಯ ಹೆಸರು! ಕಾದಂಬರಿಯಲ್ಲಿ ಇವನ ಹೆಸರು ತಾರ್ಪೋಂ, ಅದು ಮೀನು. ಅಲ್ಲಿ ಅವನು ಮಾಜಿ ಜಾಂದಾರ್ಮ್, ಅಂದರೆ ಸೇನೆಗೆ ಸೇರಿದ ಪೊಲೀಸ್ ಪಡೆಯವನು.

---

ಇಂದ: ಹಳಗನ್ನಡದವ

‘ಪತ್ತೆ’ ಬಡಗಣದ್ದು ಎಂಬ ಮಾತನ್ನು ಒಪ್ಪಲಾರೆ. ಹಳಗನ್ನಡದ ‘ಪತ್ತು’ ಎಂದರೆ ಅಂಟು, ತಗುಲು, ಹಿಡಿ. ಬೆನ್ನುಪತ್ತು ಎಂಬುದರಿಂದಲೇ ‘ಪತ್ತೆ’. ಕಳ್ಳನ ಬೆನ್ನು ಹತ್ತಿದವನೇ ಪತ್ತೇದಾರ. ಅರ್ಥವೂ ಸರಿ, ಬೇರೂ ನಮ್ಮದೇ.

---

ಇಂದ: ನಿಘಂಟುಪ್ರಿಯ

‘ಪತ್ತು’ ಹೊಸಗನ್ನಡದಲ್ಲಿ ‘ಹತ್ತು’ ಆಯಿತು. ಪಾಲು ಹಾಲಾಯಿತು, ಪಾವು ಹಾವಾಯಿತು. ನಿಮ್ಮ ‘ಪತ್ತೆ’ ಮಾತ್ರ ಯಾಕೆ ‘ಹತ್ತೆ’ ಆಗದೆ ಉಳಿಯಿತು? ಪಕಾರ ಹಕಾರ ಆಗಿ ಮುಗಿದ ಮೇಲೆ ಊರಿಗೆ ಬಂದ ಪದ ಅದು. ಮರಾಠಿಯಲ್ಲಿ ಇವತ್ತಿಗೂ ವಿಳಾಸಕ್ಕೆ ‘ಪತ್ತಾ’ ಎನ್ನುತ್ತಾರೆ.

---

ಇಂದ: ಹಳಗನ್ನಡದವ

ಪಕಾರ ಉಳಿದ ಪದಗಳು ಬೇಕಾದಷ್ಟಿವೆ. ಹಂಚಿಕೊಂಡದ್ದಕ್ಕೆ ‘ಪಾಲು’ ಎನ್ನುತ್ತೀರೋ ‘ಹಾಲು’ ಎನ್ನುತ್ತೀರೋ?

---

ಇಂದ: ಅಡಿಬರಹ

ಮಾನ್ಯರೇ, ‘ಪತ್ತೆ’ಯ ಕುಲ ಆಮೇಲೆ ವಿಚಾರಿಸೋಣ. ಪೋಸ್ಟರ್ ಶೀರ್ಷಿಕೆಗೆ ಇನ್ನೂ ಯಾರೂ ಬಂದಿಲ್ಲ. ಫ್ಲಿಕ್ ಕೂಡ ಹಾಗೇ ನಿಂತಿದೆ.

ಕಟ್ಟುಪಾಡು ಇಷ್ಟು: ಒಂದು ಸಲಕ್ಕೆ ಹೆಚ್ಚೆಂದರೆ ಎರಡು ಸಾಲು, ಆರೇಳು ಸೆಕೆಂಡಿಗಿಂತ ಹೆಚ್ಚು ತೆರೆಯ ಮೇಲೆ ಉಳಿಯುವಂತಿಲ್ಲ. ಜಗಳದ ದೃಶ್ಯದಲ್ಲಿ ಮಾತು ಒಂದೂವರೆ ಸೆಕೆಂಡಿನಲ್ಲಿ ಹಾರಿಹೋಗುತ್ತದೆ. ಅಲ್ಲಿ ‘ಆರಕ್ಷಕ ಸಿಬ್ಬಂದಿ’ ಹಾಕುವುದು ಆಗದ ಮಾತು. ಸಾಲಿನ ಅಕ್ಷರ ಎಣಿಸುವ ತಂತ್ರಾಂಶ ಪತ್ತೇದಾರನನ್ನು ಎಂಟು ಎಂದು ತೋರಿಸುತ್ತಿದೆ, ಒಂದು ಫೈಲಿನಲ್ಲಿ ಒಂಬತ್ತು. ಯಾಕೆ?

---

ಇಂದ: ಅಚ್ಚುಮೊಳೆ

ಎಣಿಕೆಯ ವಿಷಯ ಮೊದಲು. ತಂತ್ರಾಂಶ ಎಣಿಸುವುದು ಯುನಿಕೋಡ್ ಸಂಕೇತಗಳನ್ನು, ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ. ಪ, ತ, ವಿರಾಮ, ತ, ಏತ್ವದ ಗುರುತು, ದ, ಆಕಾರದ ಗುರುತು, ರ: ಒಟ್ಟು 8. ಓದುಗನ ಕಣ್ಣಿಗೆ ಬೀಳುವುದು ಪ-ತ್ತೇ-ದಾ-ರ, ನಾಲ್ಕೇ. ಒಂಬತ್ತು ಬಂದ ಫೈಲಿನಲ್ಲಿ ದೀರ್ಘದ ಏತ್ವ ಒಡೆದು, ಎತ್ವ ಬೇರೆ, ದೀರ್ಘದ ಬಾಲ ಬೇರೆ ಎಂದು ಎರಡು ಸಂಕೇತ ಆಗಿದೆ. ಫೈಲನ್ನು ಎನ್‌ಎಫ್‌ಸಿ ರೂಪಕ್ಕೆ (ಒಡೆದ ಸಂಕೇತಗಳನ್ನು ಕೂಡಿಸುವ ಯುನಿಕೋಡ್ ರೂಪ) ತಂದು, ಯುಟಿಎಫ್-8ರಲ್ಲಿ ಉಳಿಸಿ, ಸರಿಹೋಗುತ್ತದೆ. ಲ್ಯಾಟಿನ್ ಲಿಪಿಗೆ ಮಾಡಿದ ಮಿತಿಯನ್ನು ಹಾಗೇ ಹಚ್ಚಿದರೆ ಕನ್ನಡದ ಸಾಲು ಅನ್ಯಾಯವಾಗಿ ಮೊಟಕಾಗುತ್ತದೆ. ಅಕ್ಷರ ಲೆಕ್ಕ ಹಿಡಿದು, ಗಟ್ಟಿಯಾಗಿ ಒಮ್ಮೆ ಓದಿ ನೋಡಿ ಅಳೆಯಿರಿ.

ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿ. ಮೇಲಿನ ಸಾಲಿನಲ್ಲಿ ‘ತ್ತೇ’, ‘ಸ್ಟೇ’ ಬಂದಾಗ ಒತ್ತು ಕೆಳಕ್ಕೆ ಇಳಿಯುತ್ತದೆ, ಅದರ ಕೆಳಗೇ ‘ಕಿ’, ‘ಗಿ’ ಇದ್ದರೆ ಗುಡಿಸಿಗೆ ತಗಲುತ್ತದೆ. ‘ಇನ್ಸ್‌ಪೆಕ್ಟರ್’ ಪದದೊಳಗೆ ಕಣ್ಣಿಗೆ ಕಾಣದ ಒಂದು ತಡೆಗುರುತು ಇರುತ್ತದೆ. ಕೆಲವು ಪ್ಲೇಯರ್‌ಗಳು ಅಲ್ಲಿ ಚೌಕ ತೋರಿಸುತ್ತವೆ. ಪ್ರದರ್ಶನದ ಯಂತ್ರದಲ್ಲೇ ಪರೀಕ್ಷಿಸಿ, ನಿಮ್ಮ ಲ್ಯಾಪ್‌ಟಾಪನ್ನು ನಂಬಬೇಡಿ.

ಶೀರ್ಷಿಕೆಗೆ: ‘ಪೊಲೀಸನ ತಲೆದಂಡ’. ಪೋಸ್ಟರಿನಲ್ಲಿ ಎದ್ದು ಕಾಣುತ್ತದೆ.

---

ಇಂದ: ಸೇನ್ ದಂಡೆ

ತಲೆದಂಡ ಬೇಡ. ಮಳೆಗಾಲದಲ್ಲಿ ರಸ್ತೆ ಕುಸಿದರೆ ‘ಎಂಜಿನಿಯರ್ ತಲೆದಂಡ’ ಎಂದು ಬರೆಯುತ್ತಾರೆ, ಅಂದರೆ ಸಸ್ಪೆಂಡ್. ಪೋಸ್ಟರ್ ನೋಡಿದವರು ಯಾವುದೋ ಠಾಣೆಯ ಸುದ್ದಿ ಎಂದುಕೊಳ್ಳುತ್ತಾರೆ.

ಫ್ರೆಂಚಿನ ‘ಪೋ’ ಚರ್ಮ ನಿಜ. ಆದರೆ ಒಬ್ಬನ ‘ಪೋ’ ಬೇಕು ಎಂದರೆ ಅವನ ಜೀವ ಬೇಕು ಎಂದು. ತನ್ನ ‘ಪೋ’ ಉಳಿಸಿಕೊಂಡ ಎಂದರೆ ಜೀವ ಉಳಿಸಿಕೊಂಡ ಎಂದು. ಕನ್ನಡದಲ್ಲಿ ‘ಚರ್ಮ ಸುಲೀತೀನಿ’ ಎಂದರೆ ಚೆನ್ನಾಗಿ ಬಾರಿಸುತ್ತೇನೆ ಎಂದಷ್ಟೇ. ಹೊಡೆಸಿಕೊಂಡವನು ಮನೆಗೆ ಹೋಗಿ ಊಟ ಮಾಡಬಹುದು. ಹಾಗಾಗಿ ಚರ್ಮವೂ ಬೇಡ, ತೊಗಲೂ ಬೇಡ. ಜೀವ ತೆಗೆಯುವುದಕ್ಕೆ ನಮ್ಮ ಮಾತು ತಲೆ: ತಲೆ ತೆಗೆ, ತಲೆ ಉರುಳಿಸು, ತಲೆ ಉಳಿಸಿಕೋ. ‘ಪೊಲೀಸನ ತಲೆಗಾಗಿ’ ಎಂದರೆ ಮೂಲದ ಹಾಗೆಯೇ ಬೇಟೆಯ ವಾಸನೆ ಉಳಿಯುತ್ತದೆ.

---

ಇಂದ: ಬೇರುನುಡಿ

ಚರ್ಮ ಬೇಡ ಎಂಬುದಕ್ಕೆ ಒಪ್ಪಿದೆ. ಆದರೆ ‘ಪೊಲೀಸ’ ಎಂಬ ಪದ ಯಾವ ನುಡಿಯದು? ‘ಕಾವಲಿಗ’ ಎನ್ನಿ. ‘ಕಾವಲಿಗನ ತಲೆಗೆ’. ಎರಡೇ ಪದ, ಎರವಲು ಒಂದೂ ಇಲ್ಲ, ‘ಇಗ’ ಕೂಡ ಇದೆ, ನಿಗಂಟುಪ್ರಿಯರಿಗೆ ನೆಮ್ಮದಿಯಾಗಲಿ.

---

ಇಂದ: ನಿಘಂಟುಪ್ರಿಯ

ಕಾವಲಿಗ ಎಂದರೆ ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳುವವನು.

‘ಪೊಲೀಸ್’ ಗ್ರೀಕಿನಿಂದ ಲ್ಯಾಟಿನ್, ಅಲ್ಲಿಂದ ಫ್ರೆಂಚ್, ಅಲ್ಲಿಂದ ಇಂಗ್ಲಿಷ್, ಅಲ್ಲಿಂದ ನಮ್ಮೂರಿನ ಠಾಣೆಗೆ ಬಂದ ಪದ. ಫ್ರೆಂಚ್ ಚಿತ್ರಕ್ಕೇ ಅದನ್ನು ಹಚ್ಚುವಾಗ ಸುಂಕ ಕೇಳುವುದು ವಿಚಿತ್ರ. ಎರವಲು ತಂದ ಪ್ರತ್ಯಯಕ್ಕೆ ಕನ್ನಡದ ಪದ ಕೂಡಿಸಿ ಹೂಡಿಕೆದಾರ, ಗುತ್ತಿಗೆದಾರ ಎಂದು ದಿನ ಬೆಳಗಾದರೆ ಬಳಸುತ್ತಿದ್ದೇವೆ. ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೇ ಪತ್ತೇದಾರಿ ಕಾದಂಬರಿ ಬರೆದವರು. ಅವರಿಗೆ ತಾಗದ ಮೈಲಿಗೆ ನಿಮಗೆ ಎಲ್ಲಿಂದ ತಾಗಿತು?

---

ಇಂದ: ಬೇರುನುಡಿ

ಬಾವುಟ ಎಳೆದು ತಂದರೆ ಪದದ ಮಾತು ಮುಗಿಯುವುದಿಲ್ಲ. ಎರವಲು ಪಡೆಯಲೇಬಾರದು ಎಂದು ನಾನು ಎಲ್ಲೂ ಹೇಳಿಲ್ಲ. ನಮ್ಮ ಪದ ಮನೆಯಲ್ಲಿರುವಾಗ ನೆರೆಮನೆಗೆ ಹೋಗಬೇಡಿ ಎಂದಶ್ಟೇ. ಪತ್ತೇದಾರನನ್ನು ಇಟ್ಟುಕೊಳ್ಳಿ. ಆದರೆ ‘ಶೋದನೆ’ ಎಂಬಲ್ಲಿ ‘ಹುಡುಕಾಟ’ ಯಾಕಾಗದು, ಅದನ್ನು ಹೇಳಿ.

---

ಇಂದ: ಸೇನ್ ದಂಡೆ

ಹುಡುಕಾಟ ಆಗಬಹುದು. ಬಾಗಿಲ ಫಲಕಕ್ಕೆ ಮಾತ್ರ ಸ್ವಲ್ಪ ಸರ್ಕಾರಿ ಗತ್ತು ಬೇಕು, ಅದಕ್ಕೆ ಶೋಧನೆ.

ಫ್ಲಿಕ್‌ಗೆ ಹೇಳುವವರನ್ನು ನೋಡಿ ಹಾಕಿ. ಕಳ್ಳನೋ ರೌಡಿಯೋ ಹೇಳಿದರೆ ‘ಮಾಮ’. ಬೆಂಗಳೂರಿನಲ್ಲಿ ಟ್ರಾಫಿಕ್ಕಿನವರಿಗೆ ಹೆಲ್ಮೆಟ್ ಇಲ್ಲದವರು ಹೇಳುವ ಮಾತೇ ಇದು, ಜೈಲಿಗೆ ‘ಮಾವನ ಮನೆ’ ಎಂಬ ಮಾತಂತೂ ಎಲ್ಲ ಕಡೆ ಇದೆ. ಸಾಮಾನ್ಯ ಜನ ಹೇಳಿದರೆ ‘ಪೊಲೀಸಪ್ಪ’. ಶೂಕಾ ಹಳೆಯ ಸಹೋದ್ಯೋಗಿಗಳ ಬಗ್ಗೆ ಹೇಳುವಾಗ ಬರೀ ‘ಪೊಲೀಸು’ ಸಾಕು, ಕ್ರಿಯಾಪದದಲ್ಲಿ ಏಕವಚನ ಹಾಕಿದರೆ ಖಾರ ತಾನಾಗಿ ಬರುತ್ತದೆ. ‘ಪೂಲೆ’ ಎಂದು ಬಂದರೆ ಕೋಳಿ ಎಂದು ಅನುವಾದಿಸಬೇಡಿ. ಅದೂ ಪೊಲೀಸರೇ, ಪ್ಯಾರಿಸ್ ಪೊಲೀಸ್ ಪ್ರಧಾನ ಕಚೇರಿ ಹಳೆಯ ಕೋಳಿ ಮಾರುಕಟ್ಟೆಯ ಜಾಗದಲ್ಲಿದೆ ಎಂದು ಅಲ್ಲಿನವರು ಕಾರಣ ಕೊಡುತ್ತಾರೆ. ಅಲ್ಲೂ ‘ಮಾಮ’ ಸಾಕು.

---

ಇಂದ: ಅಡಿಬರಹ

ಧನ್ಯವಾದ. ಪತ್ತೇದಾರ, ಫಲಕಕ್ಕೆ ಖಾಸಗಿ ಶೋಧನೆ, ಕೊಮಿಸೇರ್ ಹಾಗೇ, ಫ್ಲಿಕ್ ಆಯಾ ಬಾಯಿಗೆ ತಕ್ಕಂತೆ. ಪೋಸ್ಟರಿಗೆ ‘ಪೊಲೀಸನ ತಲೆಗಾಗಿ’ ಕಳಿಸುತ್ತಿದ್ದೇನೆ, ಕೆಳಗೆ ಸಣ್ಣಕ್ಷರದಲ್ಲಿ ‘ನಟನೆ, ನಿರ್ದೇಶನ: ಅಲೆಂ ದೆಲೋಂ’.

---

ಇಂದ: ಹಳಗನ್ನಡದವ

‘ಪೊಲೀಸನ’ ತಪ್ಪು. ಪೊಲೀಸ್ ವ್ಯಂಜನಾಂತ, ಷಷ್ಠಿಯಲ್ಲಿ ‘ಪೊಲೀಸಿನ’.

---

ಇಂದ: ನಿಘಂಟುಪ್ರಿಯ

ಅದು ಇಲಾಖೆಗೆ. ಇಲಾಖೆಗೆ ತಲೆ ಇರುವುದಿಲ್ಲ. ಅಚ್ಚಿಗೆ ಕಳಿಸಿ.