ಡ್ರೈಯರ್ ಬಿಸಿಯಾದ ಕೂಡಲೇ ಮನೆಯೆಲ್ಲ ಕತ್ತಲು, ತಲೆ ಕೆಟ್ಟಿದೆ

ಡೊಂಬಿವಲಿ ಹುಡುಗ
ಒಂದು ವಾರದಿಂದ ಇದೇ ಗೋಳು. ಡ್ರೈಯರ್ ಹಾಕಿದರೆ ಡ್ರಮ್ ತಿರುಗುತ್ತದೆ, ಹೀಟರ್ ಹತ್ತುತ್ತದೆ, ಟಪ್ ಅಂತ ಇಡೀ ಮನೆ ಕತ್ತಲು. ತಣ್ಣನೆ ಗಾಳಿಯ ಮೋಡ್‌ನಲ್ಲಿ ಏನೂ ಆಗುವುದಿಲ್ಲ. ಹೊರಗೆ ಜುಲೈ ಮಳೆ, ಒಳಗೆ ಮಗುವಿನ ಬಟ್ಟೆ ರಾಶಿ, ಹಾಲ್ ತುಂಬ ಹಗ್ಗ. ಅರ್ಥಿಂಗ್ ಸರಿ ಇದೆ. ಏನು ಮಾಡಲಿ?

ಕೊತ್ರೂಡ್ ಕಾಕಾ
ಎಷ್ಟು ವ್ಯಾಟ್? ಬೀಳುವುದು ಎಂಸಿಬಿಯೋ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಆರ್‌ಸಿಸಿಬಿಯೋ (ಕರೆಂಟ್ ಸೋರಿದರೆ ಬೀಳುವ ಸ್ವಿಚ್)?

ಡೊಂಬಿವಲಿ ಹುಡುಗ
ಟೆಸ್ಟ್ ಅಂತ ಸಣ್ಣ ಗುಂಡಿ ಇರುತ್ತಲ್ಲ, ಅದು. 2500 ವ್ಯಾಟ್. ಸಾಕೆಟ್ 16 ಆಂಪ್‌ನದೇ.

ಕೊತ್ರೂಡ್ ಕಾಕಾ
ಹಾಗಾದರೆ ಆರ್‌ಸಿಸಿಬಿ. ಲೋಡ್ ಜಾಸ್ತಿಯಾಗಿ ಬೀಳುವ ಜಾತಿ ಅದಲ್ಲ. 2500 ವ್ಯಾಟ್ ಅಂದರೆ 230 ವೋಲ್ಟ್‌ಗೆ ಹೆಚ್ಚುಕಮ್ಮಿ 11 ಆಂಪ್, ಸಾಕೆಟ್ ತಡೆಯುತ್ತದೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು, 30 ಮಿಲಿ ಆಂಪ್ ಬೇರೆ ದಾರಿ ಹಿಡಿದರೂ ಬಿತ್ತು. ಕಣ್ಣು ಮುಚ್ಚಿ ಹೇಳುತ್ತೇನೆ, ಹೀಟರ್ ಕಾಯಿಲ್‌ಗೆ ತೇವ ಹಿಡಿದಿದೆ. ನಮ್ಮ ಗೀಸರ್‌ಗೂ ಹೀಗೇ ಆಗಿತ್ತು.

ಮಡಗಾಂವ್ ಮಾಣಿ
ಕಾಕಾ ಹೇಳಿದ್ದೇ ಸರಿ, ಕಾಯಿಲ್. ನನ್ನ ಮನೆಯಲ್ಲಿ ಈ ಕಿರಿಕಿರಿಯೇ ಇಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ ತಾಮ್ರದ ಪ್ಲೇಟ್ ಇಳಿಸಿದ್ದೇನೆ, ಸುತ್ತ ಇದ್ದಿಲು ಮತ್ತು ಉಪ್ಪು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಕಟಕಟ ಒಣಗುತ್ತದೆ ಅಂತ ವಾರಕ್ಕೆ ಎರಡು ಕೊಡ ನೀರು ಬೇರೆ ಹಾಕುತ್ತೇನೆ. ಫೋಟೋ ಹಾಕಲಾ?

ಮಾಟುಂಗಾ ಮಾಮಿ
ಬೇಡ. ಡ್ರೈಯರ್ ಯಾಕೆ ಬೇಕು ಅಂತ. ಫ್ಯಾನ್ ಕೆಳಗೆ ಹರವಿದರೆ ರಾತ್ರಿಗೆ ಒಣಗುತ್ತದೆ.

ಡೊಂಬಿವಲಿ ಹುಡುಗ
ಮಾಮಿ, ನಮ್ಮದು 1 ಬಿಎಚ್‌ಕೆ. ಫ್ಯಾನ್ ಕೆಳಗೆ ನಾವು ಮಲಗಬೇಕಲ್ಲ.

ಡೊಂಬಿವಲಿ ಹುಡುಗ (ನಾಲ್ಕು ದಿನದ ನಂತರ)
ಕಾಯಿಲ್ ಬದಲಿಸಿದೆ. 3,200 ರೂಪಾಯಿ ಹೋಯಿತು. ಇವತ್ತೂ ಟಪ್.

ಕೊತ್ರೂಡ್ ಕಾಕಾ
ಹೊಸ ಕಾಯಿಲ್‌ಗೂ ಗೋಡೌನ್‌ನಲ್ಲೇ ತೇವ ಹಿಡಿದಿರಬಹುದು.

ಠಾಣೆ ತಂತಿ
ಕಾಕಾ, ಕಾಯಿಲ್ ಸಾಕು ಬಿಡಿ. ಹುಡುಗಾ, ಮೊದಲಿನಿಂದ ಹೀಗಾ? ಅರ್ಥಿಂಗ್ ಸರಿ ಇದೆ ಅಂತ ಹೇಳಿದ್ದು ಯಾರು?

ಡೊಂಬಿವಲಿ ಹುಡುಗ
ಎಲೆಕ್ಟ್ರಿಷಿಯನ್. ಕಟ್ಟಡ ಹಳೆಯದು. ಡ್ರೈಯರ್ ತಂದಾಗ ಬಾಡಿ ಮುಟ್ಟಿದರೆ ಕೈ ಜುಂ ಅನ್ನುತ್ತಿತ್ತು, ಟೆಸ್ಟರ್ ಕೂಡ ಉರಿಯುತ್ತಿತ್ತು. ಅವನು ಬಂದು ಹತ್ತು ನಿಮಿಷದಲ್ಲಿ ಸರಿ ಮಾಡಿ ಹೋದ, ಆಮೇಲೆ ಒಂದು ತಿಂಗಳು ಏನೂ ತೊಂದರೆ ಇರಲಿಲ್ಲ. ಜಾಗ ಸಾಲದೆ ಅದನ್ನು ವಾಷಿಂಗ್ ಮಷೀನ್ ಮೇಲೆ ಕೂರಿಸಿ ಸ್ಟೀಲ್ ಪಟ್ಟಿ ಹಾಕಿ ಸ್ಕ್ರೂ ಬಿಗಿದೆವು, ಅಷ್ಟೇ. ಅದಕ್ಕೂ ಇದಕ್ಕೂ ಏನು ಸಂಬಂಧ?

ಠಾಣೆ ತಂತಿ
ಅಯ್ಯೋ ಮಾರಾಯಾ, ಇದನ್ನು ಮೊದಲೇ ಹೇಳಬಾರದಾ! ಹಳೇ ಕಟ್ಟಡದಲ್ಲಿ ಹತ್ತು ನಿಮಿಷದಲ್ಲಿ ಅರ್ಥಿಂಗ್ ಎಲ್ಲಿಂದ ಬರುತ್ತದೆ? ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ತುಂಡು ವೈರ್ ಕೊಟ್ಟಿದ್ದಾನೆ ಅಂತ ನನ್ನ ಗುಮಾನಿ. ಜುಂ ನಿಲ್ಲುತ್ತದೆ, ಗಿರಾಕಿ ಖುಷಿ. ಆದರೆ ಆಗಿನಿಂದ ಡ್ರೈಯರ್ ಬಾಡಿಯೇ ನ್ಯೂಟ್ರಲ್. ವಾಷಿಂಗ್ ಮಷೀನ್‌ಗೆ ನಿಜವಾದ ಅರ್ಥ್ ಇದೆಯಾ?

ಡೊಂಬಿವಲಿ ಹುಡುಗ
ಇದೆ. ಬಾತ್‌ರೂಮ್ ರಿಪೇರಿ ಮಾಡಿಸಿದಾಗ ಮೀಟರ್ ರೂಮಿನಿಂದ ಹಸಿರು ವೈರ್ ಎಳೆಸಿದ್ದೆವು, ಆ ಬೋರ್ಡಿಗೆ ಮಾತ್ರ.

ಠಾಣೆ ತಂತಿ
ಸಿಕ್ಕಿತು. ಪಟ್ಟಿಯ ಸ್ಕ್ರೂ ಎರಡೂ ಬಾಡಿಯನ್ನು ಸೇರಿಸಿದೆ. ಈಗ ಡ್ರೈಯರ್‌ನ ವಾಪಸ್ ಕರೆಂಟ್‌ನಲ್ಲಿ ಸ್ವಲ್ಪ ಭಾಗ ಪಟ್ಟಿ ದಾಟಿ, ವಾಷಿಂಗ್ ಮಷೀನ್‌ನ ಹಸಿರು ವೈರ್ ಹಿಡಿದು ನೆಲಕ್ಕೆ ಹೋಗುತ್ತದೆ. ಬರೀ ಮೋಟರ್ ಇದ್ದಾಗ ಆ ಪಾಲು ಚಿಕ್ಕದು, ಆರ್‌ಸಿಸಿಬಿ ಸುಮ್ನೆ ಇರುತ್ತದೆ. ಹೀಟರ್ ಹತ್ತಿದರೆ 11 ಆಂಪ್, ಅದರಲ್ಲಿ ನೂರಕ್ಕೆ ಒಂದು ಪಾಲು ಆಚೆ ಹೋದರೂ 110 ಮಿಲಿ ಆಂಪ್. ಬೀಳದೆ ಏನು ಮಾಡುತ್ತದೆ?

ಮುಲುಂಡ್ ಮಂದಿ
ನ್ಯೂಟ್ರಲ್‌ಗೆ ಕಟ್ಟಿದರೆ ಏನು ತಪ್ಪು? ಅಮೆರಿಕದಲ್ಲಿ ಅಣ್ಣನ ಮನೆಯ ಡ್ರೈಯರ್‌ಗೆ ಮೂರೇ ವೈರ್, ಬಾಡಿ ನ್ಯೂಟ್ರಲ್‌ಗೇ ಇದೆ.

ಠಾಣೆ ತಂತಿ
ಅದು ಹಳೇ ಮನೆ ಇರಬೇಕು. 1996ರ ವೈರಿಂಗ್ ಕೋಡ್‌ನಿಂದ (ನಿಯಮಾವಳಿ) ಅಲ್ಲೂ ಹೊಸ ವೈರಿಂಗ್‌ಗೆ ನಾಲ್ಕು ವೈರ್ ಕಡ್ಡಾಯ, ಅರ್ಥ್ ಬೇರೆ, ನ್ಯೂಟ್ರಲ್ ಬೇರೆ. ಜಂಪರ್ (ಅದೇ ತುಂಡು ವೈರ್) ಇರುವ ಸಾಕೆಟ್‌ನ ಹಿಂದೆ ಎಲ್ಲೋ ನ್ಯೂಟ್ರಲ್ ಜಾಯಿಂಟ್ ಕಳಚಿದರೆ ಹೀಟರ್ ಮೂಲಕ 230 ವೋಲ್ಟ್ ನೇರ ಬಾಡಿಗೆ ಬರುತ್ತದೆ. ಒದ್ದೆ ಕೈಯಲ್ಲಿ ಬಾಗಿಲು ತೆಗೆಯುವವರು ಯಾರು ಹೇಳಿ.

ಮುಲುಂಡ್ ಮಂದಿ
ಅಣ್ಣನ ಮನೆ ಹಳೆಯದಲ್ಲ, ದೊಡ್ಡದು.

ಕೊತ್ರೂಡ್ ಕಾಕಾ
ಮಲ್ಟಿಮೀಟರ್‌ನಲ್ಲಿ ಅರ್ಥ್ ಮತ್ತು ನ್ಯೂಟ್ರಲ್ ನಡುವೆ ಸೊನ್ನೆ ಬಂದರೆ ಅರ್ಥಿಂಗ್ ಫಸ್ಟ್ ಕ್ಲಾಸ್. ನಾನು ಯಾವಾಗಲೂ ಹಾಗೇ ನೋಡುವುದು.

ಠಾಣೆ ತಂತಿ
ಜಂಪರ್ ಇದ್ದರೂ ಸೊನ್ನೆಯೇ ಬರುತ್ತದೆ ಕಾಕಾ. ಹುಡುಗಾ, ಹೀಗೆ ಮಾಡು. ಪ್ಲಗ್ ಕೀಳು, ಆರ್‌ಸಿಸಿಬಿ ಆಫ್ ಮಾಡು, ಅದು ನ್ಯೂಟ್ರಲ್ ಅನ್ನೂ ಕತ್ತರಿಸುತ್ತದೆ. ಸಾಕೆಟ್‌ನಲ್ಲಿ ವೋಲ್ಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನ್ಯೂಟ್ರಲ್‌ಗೂ ಅರ್ಥ್‌ಗೂ ಮಲ್ಟಿಮೀಟರ್‌ನ ಬೀಪ್ ಮೋಡ್‌ನಲ್ಲಿ ನೋಡು, ಎರಡೂ ಸೇರಿದ್ದರೆ ಅದು ಕೂಗುತ್ತದೆ. ಬೀಪ್ ಬರಬಾರದು.

ಡೊಂಬಿವಲಿ ಹುಡುಗ
ಬೀಪ್ ಬಂತು. ಜೋರಾಗಿ ಬಂತು. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದೆ. ಎರಡು ಇಂಚಿನ ಕಪ್ಪು ವೈರ್, ಒಂದು ತುದಿ ನ್ಯೂಟ್ರಲ್‌ಗೆ, ಇನ್ನೊಂದು ದೊಡ್ಡ ಪಿನ್‌ಗೆ. ಹಸಿರು ವೈರ್ ಇಲ್ಲವೇ ಇಲ್ಲ. ಹೊಸ ಕಾಯಿಲ್‌ನ ದುಡ್ಡು ಯಾರು ಕೊಡುತ್ತೀರಿ?

ಠಾಣೆ ತಂತಿ
ಕಾಕಾನ ಕೇಳು. ತುಂಡು ಕಿತ್ತು ಬಿಸಾಕು, ಆದರೆ ಅರ್ಥ್ ಬರುವವರೆಗೆ ಡ್ರೈಯರ್ ಹಚ್ಚಬೇಡ, ಮತ್ತೆ ಜುಂ ಶುರುವಾಗುತ್ತದೆ. ಸ್ಟೀಲ್ ಪಟ್ಟಿಯೇ ಅರ್ಥ್ ಆಯಿತಲ್ಲ ಅಂತ ಬುದ್ಧಿವಂತಿಕೆಯೂ ಬೇಡ, ಸ್ಕ್ರೂ ಸಡಿಲಾದರೆ ಮುಗಿಯಿತು. ಲೈಸೆನ್ಸ್ ಇರುವವನನ್ನು ಕರೆಸಿ ಮೀಟರ್ ರೂಮಿನ ಅರ್ಥ್ ಪಟ್ಟಿಯಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ಹಸಿರು ವೈರ್ ಈ ಸಾಕೆಟ್‌ವರೆಗೆ ಎಳೆಸು. ಫೇಸ್, ನ್ಯೂಟ್ರಲ್ ಎಷ್ಟು ದಪ್ಪ ಅಂತಲೂ ನೋಡಿಸು.

ಮಡಗಾಂವ್ ಮಾಣಿ
ಮೀಟರ್ ರೂಮಿನ ಅರ್ಥ್ ನಂಬಬೇಡಿ. ಗುಂಡಿ ತೋಡಿಸಿ.

ಡೊಂಬಿವಲಿ ಹುಡುಗ
ನಾಲ್ಕನೇ ಮಹಡಿಯಲ್ಲಾ?

ಡೊಂಬಿವಲಿ ಹುಡುಗ
ಇನ್ನೊಂದು ವಿಷಯ. ಅದೇ ಮನುಷ್ಯ ಹೋದ ವರ್ಷ ಗೀಸರ್ ಸಾಕೆಟ್ ಕೂಡ ಹಾಕಿದ್ದ. ಈಗ ತಾನೇ ಅದನ್ನೂ ಬಿಚ್ಚಿದೆ. ಅಲ್ಲೂ ಎರಡು ಇಂಚಿನ ಕಪ್ಪು ತುಂಡು.