‘ಲೆಟರ್‌ಪ್ರೆಸ್’ಗೆ ಬೋರ್ಡಿನಲ್ಲಿ ಬರೆಸಲು ಕನ್ನಡ ಪದ ಬೇಕು

ತುಮಕೂರಿನಿಂದ:

ನಮಸ್ಕಾರ. ಬೋರ್ಡ್ ಬರೆಯುವವರು ಗುರುವಾರ ಬರುತ್ತಾರೆ. ಅಷ್ಟರೊಳಗೆ ಒಂದು ಪದ ಬೇಕಾಗಿದೆ.

ನನ್ನದು ಸಣ್ಣ ಮಳಿಗೆ. ಕಾಲಿನಲ್ಲಿ ತುಳಿಯುವ ಒಂದು ಟ್ರೆಡಲ್ ಅಚ್ಚುಯಂತ್ರ, ಕೆಲವು ಕೇಸ್ ಕನ್ನಡ ಮೊಳೆ (ಅಚ್ಚಿಗೆ ಜೋಡಿಸುವ ಲೋಹದ ಅಕ್ಷರಗಳು), ಒಂದು ಕಂಪ್ಯೂಟರ್. ಮದುವೆಯ ಆಮಂತ್ರಣ, ವಿಸಿಟಿಂಗ್ ಕಾರ್ಡ್, ಕವನ ಸಂಕಲನಗಳ ಹೊದಿಕೆ ಇವನ್ನು ನಾನೇ ವಿನ್ಯಾಸ ಮಾಡಿ ನಾನೇ ಅಚ್ಚು ಹಾಕುತ್ತೇನೆ. ‘ಮುದ್ರಣಾಲಯ’ ಎಂದು ಬರೆಸಿದ್ದೆ. ಜನ ಫ್ಲೆಕ್ಸ್ ಬ್ಯಾನರ್ ಕೇಳಿಕೊಂಡು ಬರುತ್ತಾರೆ. ‘ಸ್ಟುಡಿಯೋ’ ಎಂದರೆ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಲು ಬರುತ್ತಾರೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರ ಕಾನೂನು ತಿದ್ದುಪಡಿ ಹೇಳುತ್ತದೆ ನಿಜ. ಆದರೆ ‘ಲೆಟರ್‌ಪ್ರೆಸ್’ ಎಂಬುದನ್ನೇ ಕನ್ನಡ ಲಿಪಿಯಲ್ಲಿ ಬರೆದು ಆ ಜಾಗ ತುಂಬಿಸಲು ನನಗೆ ಮನಸ್ಸಿಲ್ಲ. ಮೊಳೆ ಜೋಡಿಸಿ ಒತ್ತುವ ಕೆಲಸ ಇದು ಎಂಬುದು ಪದದಲ್ಲೇ ಕಾಣಬೇಕು.

ಚಿಕ್ಕಬಳ್ಳಾಪುರದಿಂದ:

ಅಕ್ಷರಮುದ್ರಣ. ಇದಕ್ಕೆ ಚರ್ಚೆ ಬೇಕಾಗಿಲ್ಲ.

ಕೋಲಾರದಿಂದ:

ಬೇಕು. ಆಫ್‌ಸೆಟ್‌ನಲ್ಲಿ ಮುದ್ರಣವಾಗುವುದೂ ಅಕ್ಷರವೇ ಅಲ್ಲವೇ ಸ್ವಾಮಿ? ಇಂಗ್ಲಿಷಿನ ಪದವನ್ನು ಎರಡು ತುಂಡು ಮಾಡಿ, ಒಂದೊಂದಕ್ಕೂ ಸಂಸ್ಕೃತದ ಅಂಗಿ ತೊಡಿಸಿದ ಮಾತ್ರಕ್ಕೆ ಅದು ಕನ್ನಡದ ಪದವಾಗುವುದಿಲ್ಲ.

ನೋಡಿ ತಾಯಿ, ನಿಮಗೆ ಬೇಕಾದ ಪದದ ಅಣ್ಣ ಆಗಲೇ ಮನೆಯಲ್ಲಿದ್ದಾನೆ: ಕಲ್ಲಚ್ಚು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಂದದ್ದು ಕಲ್ಲಚ್ಚಿನಲ್ಲಿ. ಮರುವರ್ಷ ಅದು ಬಳ್ಳಾರಿಗೆ ಹೋಯಿತು, ಅಲ್ಲಿ ಮೊಳೆಗಳಿದ್ದವು. ಕಲ್ಲಿನಿಂದ ಒತ್ತಿದ್ದು ಕಲ್ಲಚ್ಚಾದರೆ ಮೊಳೆಯಿಂದ ಒತ್ತಿದ್ದು ಮೊಳೆಯಚ್ಚು. ‘ಅಚ್ಚುಮೊಳೆ’ ಎಂದರೆ ವಸ್ತು, ‘ಮೊಳೆಯಚ್ಚು’ ಎಂದರೆ ವಿಧಾನ. ಸ್ಟುಡಿಯೋಗೆ ‘ಅಚ್ಚುಕೂಟ’ ಸಾಕು. ಹಳೆಯ ಪುಸ್ತಕಗಳ ಮೊದಲ ಪುಟ ತೆರೆದರೆ ಸಿಗುವ ಪದ ಅದು.

ಯಾರಾದರೂ ಬಂದು ‘ಅಚ್ಚು’ ಕೂಡ ಸಂಸ್ಕೃತದ ‘ಅಕ್ಷ’ದ ತದ್ಭವ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅದು ಗಾಡಿಯ ಅಚ್ಚು, ಬೇರೆ ಪದ. ನಮ್ಮದು ಬೆಲ್ಲದ ಅಚ್ಚು, ಸಂಕ್ರಾಂತಿಗೆ ಮರದ ಮಣೆಯಲ್ಲಿ ಪಾಕ ಹೊಯ್ದು ತೆಗೆಯುವ ಸಕ್ಕರೆ ಅಚ್ಚು. ತಮಿಳು, ತೆಲುಗು, ಮಲಯಾಳಂ ಮೂರರಲ್ಲೂ ಮುದ್ರಣಕ್ಕೆ ಇದೇ ಅಚ್ಚು ಇದೆ. ‘ಅಚ್ಚಗನ್ನಡ’ದ ಅಚ್ಚ ಇನ್ನೊಂದು. ಮೂರನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಬೇಡಿ.

ಚಿಕ್ಕಬಳ್ಳಾಪುರದಿಂದ:

‘ಮೊಳೆ’ ಎಂದು ಬೋರ್ಡ್ ಹಾಕಿದರೆ ಹಾರ್ಡ್‌ವೇರ್ ಅಂಗಡಿ ಎಂದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಇಂದು ಲೆಟರ್‌ಪ್ರೆಸ್ ಎಂದು ಮಾರುವ ಆಮಂತ್ರಣಗಳಲ್ಲಿ ಬಹುಪಾಲು ಪಾಲಿಮರ್ ಫಲಕದಿಂದ ಒತ್ತಿದವು. ಮೊಳೆಯೇ ಇಲ್ಲದ ಕಡೆ ಮೊಳೆಯಚ್ಚು ಹೇಗೆ? ಫಲಕವಾಗಲಿ ಮೊಳೆಯಾಗಲಿ ಎರಡರಲ್ಲೂ ಇರುವುದು ಉಬ್ಬಿದ ಮೇಲ್ಮೈ. ‘ಉಬ್ಬುಮುದ್ರಣ’ ಎನ್ನಿ, ಶಾಸ್ತ್ರೀಯವಾಗಿ ಸರಿ.

ಸಂಸ್ಕೃತದ ಅಂಗಿಯ ಮಾತು ಬಂತು. ನಿಮ್ಮ ‘ವಸ್ತು’, ‘ವಿಧಾನ’ ಯಾವ ಹೊಲದಲ್ಲಿ ಬೆಳೆದವು? ಗ್ಯಾಲಿ, ಚೇಸ್, ಸ್ಟಿಕ್, ಟ್ರೆಡಲ್ ಎಂಬ ಪ್ರೆಸ್ಸಿನ ಸಾಮಾನುಗಳ ಇಂಗ್ಲಿಷ್ ಹೆಸರುಗಳೆಲ್ಲವನ್ನೂ ಒಪ್ಪುವವರಿಗೆ ‘ಮುದ್ರಣ’ ಮಾತ್ರ ಏಕೆ ಕಹಿ?

ಕೋಲಾರದಿಂದ:

ಎರವಲು ನನಗೆ ಕಹಿಯಲ್ಲ. ಗ್ಯಾಲಿ, ಚೇಸ್ ಸಾಮಾನಿನ ಜೊತೆಗೇ ಬಂದ ಹೆಸರುಗಳು, ಕೆಲಸಗಾರರ ಬಾಯಲ್ಲಿ ಸವೆದು ನಮ್ಮವಾದವು. ಅದೇ ಕೆಲಸಗಾರರು ಟೈಪ್ ಎಂಬುದನ್ನು ನೋಡಿ ‘ಮೊಳೆ’ ಎಂದರು. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಉದ್ದನೆಯ ಕಡ್ಡಿ, ತುದಿಯಲ್ಲಿ ತಲೆ. ಕಣ್ಣಿಗೆ ಮೊಳೆಯಂತೆಯೇ ಕಂಡಿತು. ನಿಘಂಟು ನೋಡಿ ಕಟ್ಟಿದ ಪದವಲ್ಲ, ಕೈ ಕೊಟ್ಟ ಪದ. ಎರವಲು ತರುವುದಕ್ಕೆ ನನ್ನ ಆಕ್ಷೇಪವಿಲ್ಲ. ಮನೆಯಲ್ಲಿರುವುದನ್ನು ಅಟ್ಟಕ್ಕೆ ಎಸೆದು ತರುವುದಕ್ಕೆ ಇದೆ.

ಪಾಲಿಮರ್ ವಿಷಯವನ್ನು ಕೇಳಿದವರೇ ಹೇಳಲಿ.

ತುಮಕೂರಿನಿಂದ:

ಇಬ್ಬರು ಹಿರಿಯರಿಗೂ ವಂದನೆ. ಪಾಲಿಮರ್ ಫಲಕವನ್ನು ನಾನೂ ಬಳಸುತ್ತೇನೆ, ಚಿತ್ರಕ್ಕೆ ಮತ್ತು ಅಂಚಿನ ಬಳ್ಳಿಗಳಿಗೆ. ವಧೂವರರ ಹೆಸರನ್ನು ಮಾತ್ರ ಮೊಳೆಯಲ್ಲೇ ಜೋಡಿಸುತ್ತೇನೆ.

‘ಉಬ್ಬುಮುದ್ರಣ’ ಆಗುವುದಿಲ್ಲ ಸರ್. ಉಬ್ಬಿರುವುದು ಮೊಳೆ, ಗಿರಾಕಿಯ ಕೈಗೆ ಹೋಗುವುದು ಕಾಗದ. ದಪ್ಪ ಕಾಗದದ ಮೇಲೆ ಒತ್ತಿದ ಅಕ್ಷರವನ್ನು ಹೆಬ್ಬೆರಳಿನಿಂದ ಸವರಿದರೆ ಸಿಗುವುದು ತಗ್ಗು. ಉಬ್ಬು ಎಂದು ಬರೆಸಿದರೆ ಕಾಗದವನ್ನೇ ಉಬ್ಬಿಸುವ ಎಂಬಾಸಿಂಗ್ ಕೇಳುತ್ತಾರೆ, ಅದು ಬೇರೆಯೇ ಕೆಲಸ. ಮೊಳೆ ಜೋಡಿಸುತ್ತಿದ್ದ ಹಳೆಯ ಕಂಪೋಸಿಟರುಗಳು ಇಷ್ಟು ತಗ್ಗು ಬಿದ್ದರೆ ಒತ್ತಡ ಹೆಚ್ಚಾಯಿತೆಂದು ಬೈಯುತ್ತಿದ್ದರು, ಈಗ ಅದಕ್ಕೆಂದೇ ಬರುತ್ತಾರೆ.

ನಿನ್ನೆ ಒಂದು ಆಮಂತ್ರಣದಲ್ಲಿ ‘ಲಕ್ಷ್ಮಿ’ ಎಂದು ಜೋಡಿಸಬೇಕಿತ್ತು. ಕರಡಚ್ಚು ತೆಗೆದರೆ ‘ಮ’ ಒತ್ತು ಅರ್ಧ ಮಾತ್ರ ಮೂಡಿತು. ಆ ಮೊಳೆ ಒಂದು ಬದಿ ಸವೆದಿತ್ತು, ಕೇಸ್‌ನಲ್ಲಿ ಅದೊಂದೇ ಉಳಿದಿತ್ತು. ತೆಳುವಾದ ಕಾಗದದ ಚೂರನ್ನು ಅದರ ಅಡಿಗೆ ಅಂಟಿಸಿ, ಮತ್ತೆ ಬಿಗಿದು, ಮತ್ತೆ ಒತ್ತಿ, ನಾಲ್ಕನೆಯ ಸಲಕ್ಕೆ ಒತ್ತು ಪೂರ್ತಿ ಕೂತಿತು. ಒಂದು ಮೊಳೆಗೆ ಮುಕ್ಕಾಲು ಗಂಟೆ. ಹುಡುಗಿಯ ತಂದೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಕೊನೆಗೆ ಆ ಮೊಳೆಯನ್ನು ಅಂಗೈಯಲ್ಲಿಟ್ಟುಕೊಂಡು, ತಿರುಗುಮುರುಗಾಗಿದ್ದ ಒತ್ತನ್ನು ಬೆಳಕಿಗೆ ಹಿಡಿದು ಓದಲು ನೋಡಿದರು. ಅವರಿಗೆ ಹಾರ್ಡ್‌ವೇರ್ ಅಂಗಡಿ ನೆನಪಾಗಲಿಲ್ಲ.

ಹಾಗಾಗಿ ದೊಡ್ಡ ಅಕ್ಷರದಲ್ಲಿ ‘ಮೊಳೆಯಚ್ಚು’, ಅದರ ಕೆಳಗೆ ‘ಅಚ್ಚುಕೂಟ ಮತ್ತು ವಿನ್ಯಾಸ’ ಎಂದು ಬರೆಸುತ್ತೇನೆ. ಒಂದೇ ಅನುಮಾನ ಉಳಿದಿದೆ: ಬೋರ್ಡ್ ಬರೆಯುವವರು ‘ಮೊಳೆ ಅಚ್ಚು’ ಎಂದು ಬಿಡಿಸಿ ಬರೆದರೆ ದೂರದಿಂದ ಓದಲು ಸುಲಭ ಎನ್ನುತ್ತಿದ್ದಾರೆ. ಬಿಡಿಸಬಹುದೇ?

ಕೋಲಾರದಿಂದ:

ಬೇಡ. ಯಕಾರಾಗಮವಾಗಿ ಕೂಡಿದ ಸಮಾಸ. ಬಿಡಿಸಿದರೆ ಎರಡು ಸಾಮಾನಿನ ಪಟ್ಟಿಯಾಗುತ್ತದೆ. ಅಕ್ಷರ ದೊಡ್ಡದು ಮಾಡಲು ಹೇಳಿ.

ಚಿಕ್ಕಬಳ್ಳಾಪುರದಿಂದ:

ಸಂಧಿಯ ವಿಷಯದಲ್ಲಿ ಕೋಲಾರದವರು ಸರಿ. ‘ವಿನ್ಯಾಸ’ ಉಳಿಸಿಕೊಂಡದ್ದಕ್ಕೆ ಸಂತೋಷ.