ಬಾಕಿ ಕೇಳುವ ಪತ್ರವನ್ನು ಲೆಟರ್‌ಹೆಡ್ ಮೇಲೆ ಬರೆಯುವುದು ಹೇಗೆ? ಗೊತ್ತಿದ್ದವರು ಹೇಳಿ

ಇಳಕಲ್‌ನಿಂದ ಪ್ರಶ್ನೆ: ನಮ್ಮದು ಸಣ್ಣ ನೇಕಾರಿಕೆ. ದೀಪಾವಳಿಗೆ ಮುಂಚೆ ಬೆಂಗಳೂರಿನ ಒಂದು ಅಂಗಡಿಗೆ ಸೀರೆ ಕಳಿಸಿದ್ದೆವು, ಅರ್ಧ ದುಡ್ಡು ಇನ್ನೂ ಬಂದಿಲ್ಲ. ಫೋನ್ ಮಾಡಿದರೆ "ಲೆಟರ್‌ಹೆಡ್ ಮೇಲೆ ಬರೆದು ಕಳಿಸಿ, ಅಕೌಂಟ್ಸ್‌ಗೆ ಕೊಡುತ್ತೇವೆ" ಅನ್ನುತ್ತಾರೆ. ಶಾಲೆಯಲ್ಲಿ ರಜಾ ಅರ್ಜಿ ಬರೆದದ್ದು ಬಿಟ್ಟರೆ ನನಗೆ ಪತ್ರ ಬರೆದು ಗೊತ್ತಿಲ್ಲ. ಯಾವುದು ಎಲ್ಲಿ ಬರಬೇಕು?

ಬೆಳಗಾವಿ, ಉದ್ಯಮಬಾಗ್: ನಮ್ಮದು ಕಾಸ್ಟಿಂಗ್ ಮಷಿನಿಂಗ್ ಕೆಲಸ, ಬಾಕಿ ಕೇಳುವುದೇ ಅರ್ಧ ಉದ್ಯೋಗ ಅನ್ನಿ. ಹೆದರಬೇಡಿ, ಆ ರಜಾ ಅರ್ಜಿಯ ನಮೂನೆಯೇ ಸಾಕು. ಲೆಟರ್‌ಹೆಡ್‌ನಲ್ಲಿ ನಿಮ್ಮ ಹೆಸರು, ವಿಳಾಸ, ಫೋನ್, ಜಿಎಸ್‌ಟಿ ನಂಬರ್ ಇದ್ದರೆ 'ಇಂದ' ಅಂತ ಮತ್ತೆ ಬರೆಯುವುದು ಬೇಡ. ಎಡಕ್ಕೆ ಪತ್ರದ ಸಂಖ್ಯೆ, ಬಲಕ್ಕೆ ದಿನಾಂಕ, ಕೆಳಗೆ ಅವರ ವಿಳಾಸ, 'ಮಾನ್ಯರೇ', ಆಮೇಲೆ ವಿಷಯ.

ಈ ವಿಷಯದ ಸಾಲಿನಲ್ಲೇ ಎಲ್ಲ ಇರುವುದು ನೋಡಿ. ಜಾಸ್ತಿ ಜನ 'ಬಾಕಿ ಹಣದ ಕುರಿತು' ಅಂತ ಬರೆದು ಬಿಡುತ್ತಾರೆ. ನಿಮ್ಮ ಜೊತೆ ಫೋನಲ್ಲಿ ಮಾತಾಡಿದವರು ಬೇರೆ, ಪತ್ರ ಓದುವ ಅಕೌಂಟೆಂಟ್ ಬೇರೆ. ಆ ಮನುಷ್ಯನಿಗೆ ನೀವು ಯಾರು ಅಂತಲೇ ಗೊತ್ತಿರುವುದಿಲ್ಲ, ಗೊತ್ತಿರುವುದು ಬಿಲ್ ನಂಬರ್ ಮಾತ್ರ. ಹಾಗಾಗಿ 'ವಿಷಯ: ಬಿಲ್ ಸಂಖ್ಯೆ 47, ದಿನಾಂಕ 6 ಅಕ್ಟೋಬರ್ 2025, ಬಾಕಿ ರೂ. 38,500' ಅಂತ ನೇರವಾಗಿ ಹಾಕಿ. ಹಿಂದೆ ಮೇಲ್ ಮಾಡಿದ್ದರೆ ಅದರ ತಾರೀಖು 'ಉಲ್ಲೇಖ'ದಲ್ಲಿ ಬರಲಿ.

ಒಳಗಿನ ಒಕ್ಕಣೆ ನಾಲ್ಕೈದು ಸಾಲು ಸಾಕು: ಏನು ಕಳಿಸಿದಿರಿ, ಎಷ್ಟು ಬಂತು, ಎಷ್ಟು ಉಳಿಯಿತು, ಯಾವ ತಾರೀಖಿನೊಳಗೆ ಬೇಕು. 'ಆದಷ್ಟು ಬೇಗ' ಅಂದರೆ ಯಾರಿಗೂ ಯಾವ ದಿನವೂ ಅಲ್ಲ. ರೇಷ್ಮೆ ರೇಟು ಏರಿತು, ಮನೆಯಲ್ಲಿ ಮದುವೆ ಇದೆ, ಇಂಥ ಕಷ್ಟಸುಖ ಸುಮ್ನೆ ಬರೆಯಬೇಡಿ, ಅದು ಫೋನಿಗೇ ಸರಿ. ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಮಾತ್ರ ಬೇರೆ ಸಾಲಿನಲ್ಲಿ ಎದ್ದು ಕಾಣಲಿ.

ವಿಜಯಪುರ: ಒಣದ್ರಾಕ್ಷಿ ವ್ಯಾಪಾರದವನು ನಾನು. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿ ವರ್ಡ್ ಫೈಲ್ ಕಳಿಸಿದರೆ, ಅವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಕಲಸಿಹೋಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಪಿಡಿಎಫ್ ಮಾಡಿ ಕಳಿಸಿ.

ಬಾಗಲಕೋಟೆ, ಡಿಟಿಪಿ ಅಂಗಡಿ: ಎ4 ಹಾಳೆ, ನಾಲ್ಕೂ ಕಡೆ ಒಂದಿಂಚು ಜಾಗ, ಒಂದೇ ಫಾಂಟು. 'ಇಂತಿ ತಮ್ಮ ವಿಶ್ವಾಸಿ' ಆದಮೇಲೆ ಸಹಿಗೂ ಸೀಲಿಗೂ ಜಾಗ ಬಿಡಿ, ಸೀಲು ಸಹಿಯ ಮೇಲೇ ಬಿದ್ದರೆ ಎರಡೂ ಓದಲಾಗುವುದಿಲ್ಲ. ಎಲ್ಲಕ್ಕಿಂತ ಕೆಳಗೆ 'ಅಡಕ: ಬಿಲ್ ಪ್ರತಿ, ಸಾಗಣೆ ರಸೀದಿ'. ಅಂದ ಹಾಗೆ, ಊರುಗಳ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ, ನಮ್ಮಲ್ಲಿಗೆ ಇವತ್ತಿಗೂ ಬಿಜಾಪುರ, ಬೆಳಗಾಂ ಅಂತ ಇರುವ ಲೆಟರ್‌ಹೆಡ್ ಹಿಡಿದು ಬರುವವರಿದ್ದಾರೆ!

ಬೆಳಗಾವಿಯಿಂದ ಇನ್ನೊಬ್ಬರು: ಇಷ್ಟು ಮೆತ್ತಗೆ ಯಾಕೆ ಬರೀಬೇಕು ರೀ? ಎಂಎಸ್‌ಎಂಇ ಕಾಯ್ದೆ (ಸಣ್ಣ ಉದ್ಯಮಗಳಿಗೆ ಇರುವುದು) 2006ರದ್ದು ಇದೆಯಲ್ವಾ. ದುಡ್ಡು ಕೊಡಲು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಮೊದಲ ಪತ್ರದಲ್ಲೇ ಹಾಕಿ.

ಉದ್ಯಮಬಾಗ್: ಕಾಯ್ದೆ ನಿಜ, ಆದರೆ ಮಾಲು ಕಳಿಸುವ ಮುಂಚೆಯೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಆಗಿದ್ದರೇ ಸುರಕ್ಷಿತ. ಆಗಿದ್ದರೆ ಮೊದಲ ಪತ್ರದಲ್ಲಿ ಆ ನಂಬರ್ ಲೆಟರ್‌ಹೆಡ್ ಮೇಲೆ ಕಂಡರೆ ಸಾಕು, ಅರ್ಥ ಆಗುವವರಿಗೆ ಆಗುತ್ತದೆ. ಮುಂದಿನ ಹಬ್ಬಕ್ಕೂ ಅದೇ ಅಂಗಡಿಗೆ ಸೀರೆ ಮಾರಬೇಕಲ್ವಾ? ದುಡ್ಡು ಬರದಿದ್ದರೆ ಎರಡನೇ ಪತ್ರದಲ್ಲಿ ಕಾಯ್ದೆ, ಬಡ್ಡಿ ಎಲ್ಲ ಬರೆಯಿರಿ. ಮೇಲ್ ಜೊತೆಗೆ ಸ್ಪೀಡ್ ಪೋಸ್ಟೂ ಮಾಡಿ, ರಸೀದಿಯನ್ನು ನಿಮ್ಮ ಪ್ರತಿಗೆ ಪಿನ್ ಹಾಕಿ ಇಟ್ಟುಕೊಳ್ಳಿ.